ಆರನೇ ಜೋಡಿ

ನನ್ನ ಚೂಟಿಗೆ,

ಇದು ನಿನ್ನ ಅಪ್ಪನೇ ಬರೆಯುತ್ತಿರುವ ಕಾಗದ. ನಂಬಿಕೆ ಬರದಿದ್ದರೆ ತಂದುಕೊಟ್ಟವಳನ್ನೇ ಕೇಳು. ನಾನು ಮಧ್ಯದಲ್ಲಿ ಎದ್ದು ಹೋಗದಂತೆ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕುಳಿತಿದ್ದಾಳೆ ನಿನ್ನ ಅಮ್ಮ. "ಬಾಯಲ್ಲಿ ಹೇಳೋಕೆ ಆಗಲ್ಲ ಅಂದ್ರೆ ಬರೆದಾದ್ರೂ ಕೊಡಿ ರೀ. ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗಿ ನಾನೇ ಅವಳ ಕೈಗೆ ಕೊಟ್ಟು ಬರ್ತೀನಿ. ನಿಮ್ಮಿಬ್ಬರ ಮಧ್ಯೆ ಸಿಕ್ಕಿ ನನಗೂ ಸಾಕಾಗಿ ಹೋಗಿದೆ" ಎಂದು ಗದರಿಸಿ ಪೆನ್ನು ಕೈಗಿಟ್ಟಳು. ನನ್ನ ಅಕ್ಷರ ಓದಲು ನಿನಗೆ ಕಷ್ಟವಾದೀತು. ಇಷ್ಟುದ್ದ ಬರೆದು ಯಾವ ಕಾಲವಾಯಿತೋ.

ಹೋದ ಭಾನುವಾರ ಊಟಕ್ಕೆ ಕುಳಿತಾಗ ನೀನು ಎಷ್ಟು ಖುಷಿಯಾಗಿದ್ದೆ. ಕಾಲೇಜಿನ ಮೊದಲ ವರ್ಷ ಮುಗಿಯಿತು, ಇನ್ನು ಮುಖ್ಯ ವಿಷಯ ಆರಿಸಿಕೊಳ್ಳಬೇಕು ಎಂದೆ. ಅಕೌಂಟ್ಸ್ ತಾನೇ ಅಂದೆ ನಾನು. "ಇಲ್ಲಪ್ಪ, ನಮ್ಮ ಕಾಲೇಜಿಗೆ ಹೊಸದೊಂದು ಬಂದಿದೆ. ಅರ್ಧ ಸಮಾಜ ವಿಜ್ಞಾನ, ಅರ್ಧ ಡೇಟಾ. ಜನ ಹೇಗೆ ಬದುಕ್ತಾರೆ ಅಂತ ಅವರ ಹತ್ರಾನೇ ಹೋಗಿ ಕೇಳೋದು, ಕೇಳಿದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಅದರಲ್ಲಿ ಏನು ಕಾಣುತ್ತೆ ನೋಡೋದು. ಬರೀ ಲೆಕ್ಕ ಓದಿದೋರಿಗೆ ಜನ ಕಾಣಲ್ಲ, ಬರೀ ಜನ ಜನ ಅನ್ನೋರಿಗೆ ಲೆಕ್ಕ ಬರಲ್ಲ. ಇದರಲ್ಲಿ ಎರಡೂ ಇದೆ" ಎಂದು ಒಂದೇ ಉಸಿರಿಗೆ ಹೇಳಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಗೊಣಗಿಕೊಂಡಾದರೂ ಊಟ ಮುಗಿಸುತ್ತಿದ್ದೆ. "ನಮ್ಮ ಸರ್ವೆ ಅಕ್ಕ ಓದಿದ್ದೂ ಇದನ್ನೇ ಅಲ್ವಾ ಅಪ್ಪ" ಎಂದುಬಿಟ್ಟೆ ನೀನು. ಆ ಓದು ಈ ಮನೆಗೆ ಬೇಡ ಎಂದು ಅರ್ಧ ಊಟಕ್ಕೆ ಎದ್ದೆ. ಮಾರನೆಯ ಬೆಳಿಗ್ಗೆ ನೀನು ಬರ್ತೀನಿ ಅಂತಲೂ ಹೇಳದೆ ಹಾಸ್ಟೆಲ್ಲಿಗೆ ಹೊರಟುಹೋದೆ.

ಅಮ್ಮನಿಗೆ ನೀನು ಕಳಿಸಿದ ಮೆಸೇಜನ್ನು ಅವಳು ನನಗೆ ಓದಿ ಹೇಳಿದಳು. ಅಪ್ಪ ಕಾರಣ ಹೇಳಲಿ, ಆ ಕಾರಣ ಸರಿ ಅನ್ನಿಸಿದರೆ ಅಕೌಂಟ್ಸ್ ತಗೋತೀನಿ, ಸೋಮವಾರ ಕೊನೆಯ ದಿನ. ಸಿಟ್ಟಿನಲ್ಲೂ ಎಷ್ಟು ನೇರವಾಗಿ ಮಾತಾಡುತ್ತೀಯಾ ನೋಡು. ನನಗೆ ಆ ಗುಣ ಇಲ್ಲ. ನನ್ನದು ಮೂಗಿನ ತುದಿಯ ಸಿಟ್ಟು, ಆಮೇಲೆ ವಾರಗಟ್ಟಲೆ ಮೌನ. ಕಾರಣ ಇದೆ ಮಗಳೇ. ಏಳೆಂಟು ವರ್ಷದಿಂದ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದೇನೆ. ನಿನಗೆ ಹೇಳಬಾರದು ಅಂತಲೇ ಇಟ್ಟುಕೊಂಡದ್ದು.

ಸರ್ವೆ ಅಕ್ಕ ಮೊದಲ ಸಲ ನಮ್ಮ ಮನೆಗೆ ಬಂದಾಗ ನೀನು ಐದನೇ ಕ್ಲಾಸು. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಲಾಂಡ್ರಿಗೆ, ಕೆಲಸಗಾರರ ಕಷ್ಟಸುಖ ತಿಳಿಯಲು ಎಂದು ಕಾಲೇಜಿನಿಂದ ಬಂದಿದ್ದಳು. ಒಗೆಯುವವರನ್ನು ಮಾತಾಡಿಸಿದರೆ ಸಾಲದು, ಮನೆ ಸಂಸಾರವನ್ನೂ ನೋಡಬೇಕು ಎಂದು ಒಬ್ಬೊಬ್ಬರ ಮನೆಗೂ ಬಂದಳು. ನಮ್ಮ ಮನೆಯಲ್ಲಿ ಅವಳು ಯಾರನ್ನು ಮಾತಾಡಿಸಿದಳು ಹೇಳು? ನಿನ್ನನ್ನು. ಮನೆಯಲ್ಲಿ "ನೋಡೋಣ" ಅನ್ನುವ ಮಾತನ್ನು ಯಾರು ಜಾಸ್ತಿ ಆಡುತ್ತಾರೆ, ಒಂದು ವಾರ ಗುರುತು ಹಾಕು ಎಂದು ನಿನಗೆ ಹೇಳಿಕೊಟ್ಟು ಹೋದಳು. ನೀನು ಬಿಡುವವಳಾ? ನಾನು ಬಾಯಿ ತೆರೆದರೆ ಸಾಕು, ಪೆನ್ಸಿಲ್ ಹಿಡಿದು ಓಡಿ ಬರುತ್ತಿದ್ದೆ. ಮುಂದಿನ ವಾರ ಅವಳು ಬಂದು ಬಣ್ಣದ ಕಾಗದ ಕತ್ತರಿಸಿ ಗೋಡೆಗೆ ಪಟ್ಟಿ ಅಂಟಿಸಿದಾಗ ಅಮ್ಮನದು ಮೊಣಕಾಲೆತ್ತರ, ನನ್ನದು ಕಿಟಕಿ ದಾಟಿ ಮೇಲಕ್ಕೆ. ಬಂದವರಿಗೆಲ್ಲ ನೀನು ಅದನ್ನು ತೋರಿಸಿ ನನ್ನ ಮಾನ ಕಳೆದೆ. ನಿನ್ನ ಈ ಓದಿನ ಹುಚ್ಚು ಅವತ್ತು ಆ ಗೋಡೆಯ ಮುಂದೆ ಶುರುವಾದದ್ದು ಅಂತ ನನಗೆ ಚೆನ್ನಾಗಿ ಗೊತ್ತು. ಅವಳು ಒಳ್ಳೆಯ ಹುಡುಗಿ. ಮುಂದೆ ಬರೆಯುವುದನ್ನೆಲ್ಲ ಓದುವಾಗ ಈ ಮಾತನ್ನು ನೆನಪಿಟ್ಟುಕೋ.

ನಮ್ಮ ಲಾಂಡ್ರಿಯನ್ನು ನೀನು ನೋಡಿಲ್ಲ. ಆಸ್ಪತ್ರೆಯ ನೆಲಮಾಳಿಗೆ. ಮೇಲಿನ ವಾರ್ಡುಗಳಿಂದ ದೊಡ್ಡ ಕೊಳವೆಯಲ್ಲಿ ಗಂಟುಗಂಟಾಗಿ ಬಟ್ಟೆ ಕೆಳಗೆ ಬೀಳುತ್ತಿತ್ತು. ಒಂದು ಕಡೆ ವಿಂಗಡಿಸುವವರು, ಆಮೇಲೆ ಯಂತ್ರಗಳು, ಆಮೇಲೆ ಒಣಗಿಸುವ ಡಬ್ಬ, ಆಮೇಲೆ ಬಿಸಿ ರೋಲರ್, ಕೊನೆಗೆ ನಾವು, ಮಡಿಸುವವರು. ಬೆಡ್‌ಶೀಟ್ ಮಡಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು, ಒಮ್ಮೆ ಝಾಡಿಸಿ, ಹತ್ತಿರ ಬಂದು ಮೂಲೆಗೆ ಮೂಲೆ ಕೊಟ್ಟು, ಮತ್ತೆ ಹಿಂದೆ ಸರಿಯಬೇಕು. ದಿನವಿಡೀ ಇದೇ. ಆರು ಜೋಡಿ ಇದ್ದೆವು. ಮಡಿಸಿದ್ದನ್ನು ಕಟ್ಟು ಕಟ್ಟಿ, ಜೋಡಿಯ ನಂಬರಿನ ಚೀಟಿ ಸಿಕ್ಕಿಸಿ ಲೆಕ್ಕ ಬರೆದುಕೊಳ್ಳುವ ಕಿಟಕಿಯಲ್ಲಿ ಕೊಡುತ್ತಿದ್ದೆವು. ಆರನೇ ಜೋಡಿ ನಾನು ಮತ್ತು ನಿನ್ನ ರೇಡಿಯೋ ಮಾಮ.

ರೇಡಿಯೋ ಮಾಮ ನಿನಗೆ ನೆನಪಿರಲೇಬೇಕು. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಮಾತು ಶುರು. ಬೆಳಿಗ್ಗೆ ಡ್ಯೂಟಿಗೆ ಬಂದವನು ಸಂಜೆಯವರೆಗೆ ಬಾಯಿ ಮುಚ್ಚುತ್ತಿರಲಿಲ್ಲ, ಅದಕ್ಕೇ ಆ ಹೆಸರು. ಹಬೆ, ಸೆಕೆ, ಆ ವಾಸನೆ, ಯಂತ್ರದ ಗದ್ದಲ, ಅದೆಲ್ಲದರ ಮಧ್ಯೆ ಅವನ ಮಾತು ಕೇಳಿಕೊಂಡೇ ನಾವು ದಿನ ಕಳೆದದ್ದು. ಅವನಿಗೆ ಮಕ್ಕಳಿರಲಿಲ್ಲ. ನಿನ್ನನ್ನು ಕಂಡರೆ ಪ್ರಾಣ. "ನಿನ್ನ ಮಗಳು ಕೇಳೋ ಪ್ರಶ್ನೆಗೆ ಉತ್ತರ ಕೊಡೋಕೆ ನಾನು ಇನ್ನೊಂದು ಸಲ ಸ್ಕೂಲಿಗೆ ಹೋಗ್ಬೇಕು ಕಣೋ" ಎನ್ನುತ್ತಿದ್ದ.

ಸರ್ವೆ ಅಕ್ಕ ಬರುವುದಕ್ಕೆ ಒಂದೆರಡು ವರ್ಷ ಮುಂಚಿನಿಂದ ಅವನ ಬಲಗೈ ನಡುಗಲು ಶುರುವಾಗಿತ್ತು. ಮೊದಲು ಟೀ ಲೋಟ ಅಲ್ಲಾಡುತ್ತಿತ್ತು, ನಾವು ತಮಾಷೆ ಮಾಡಿದೆವು. ಆಮೇಲೆ ಮೂಲೆ ಹಿಡಿದ ಬೆಡ್‌ಶೀಟ್ ಕೈಯಿಂದ ಜಾರತೊಡಗಿತು, ತಮಾಷೆ ನಿಂತಿತು. ಡಾಕ್ಟರು ನರದ ಕಾಯಿಲೆ ಎಂದರು, ವಾಸಿಯಾಗಲ್ಲ, ಮಾತ್ರೆ ನುಂಗಿದರೆ ಹತೋಟಿಯಲ್ಲಿರುತ್ತೆ ಎಂದರು. ಆ ಮಾತ್ರೆ ನಮ್ಮ ಆಸ್ಪತ್ರೆಯಲ್ಲೇ ಸಿಗುತ್ತಿತ್ತು, ಕೆಲಸದಲ್ಲಿ ಇರುವವರಿಗೆ ಪುಕ್ಕಟೆ. ಕೆಲಸ ಹೋದರೆ ಮಾತ್ರೆಯೂ ಹೋಯಿತು. ನಾವ್ಯಾರೂ ಕೂತು ಮೀಟಿಂಗ್ ಮಾಡಲಿಲ್ಲ ಚೂಟಿ. ಒಂದು ದಿನ ಮೂರನೇ ಜೋಡಿಯ ಅಕ್ಕ, ದಪ್ಪ ಕನ್ನಡಕದವಳು, ತನ್ನ ಪಾಲಿನ ಬಟ್ಟೆಯ ಗಾಡಿ ಖಾಲಿಯಾದ ತಕ್ಷಣ ಸುಮ್ಮನೆ ಬಂದು ಅವನ ಕೈಯಿಂದ ತುದಿ ತೆಗೆದುಕೊಂಡು "ಸರಿ ಆ ಕಡೆ, ನಿನ್ನ ಮಾತು ಕೇಳೋಕೆ ನನಗೆ ಇಲ್ಲೇ ಚೆನ್ನಾಗಿರುತ್ತೆ" ಎಂದಳು. ಮಾರನೆಯ ದಿನ ಇನ್ನೊಬ್ಬರು. ಯಾವ ಜೋಡಿ ಮೊದಲು ಮುಗಿಸುತ್ತದೋ ಆ ಜೋಡಿಯಿಂದ ಒಬ್ಬರು ನನ್ನ ಎದುರಿಗೆ ಬರುವುದು ರೂಢಿಯಾಯಿತು. ಅವನು ಸ್ಟೂಲಿನ ಮೇಲೆ ಕುಳಿತು ಹರಿದ ಬಟ್ಟೆ ಆರಿಸುತ್ತಿದ್ದ, ಮಾತಾಡುತ್ತಿದ್ದ. ಆರನೇ ಜೋಡಿಯ ಕಟ್ಟು ಒಂದು ದಿನವೂ ಕಡಿಮೆಯಾಗಲಿಲ್ಲ. ಮೇಲ್ವಿಚಾರಕನಿಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಅವನು ಮುಖ ತಿರುಗಿಸಿಕೊಂಡು ಓಡಾಡಿದ. ಅದಕ್ಕೆ ಇವತ್ತಿಗೂ ಅವನಿಗೆ ಕೈ ಮುಗಿಯುತ್ತೇನೆ.

ಇದರಿಂದ ನಮಗೇನೂ ಆಗಲಿಲ್ಲ ಅಂತಲ್ಲ. ಬೇಗ ಮುಗಿಸಿದರೆ ತಾನೇ ಅವನ ಪಾಲಿನ ಕೆಲಸಕ್ಕೆ ಬರಲು ಆಗುವುದು? ಹಾಗಾಗಿ ಎಲ್ಲರೂ ಕೈ ಚುರುಕು ಮಾಡಿದರು, ಟೀ ಬಿಡುವು ಬಿಟ್ಟರು. ನನ್ನ ಬಲಭುಜ ಮೇಲಕ್ಕೆ ಏಳದಿರುವುದು ನೀನು ನೋಡಿದ್ದೀಯಲ್ಲ, ಆಗಿನದು ಅದು. ಕನ್ನಡಕದ ಅಕ್ಕನ ಸೊಂಟ ಹೋಯಿತು. ಯಾರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಅವನಿಗೆ ನೋವಾಗುತ್ತಿತ್ತು.

ಆ ಹೊತ್ತಿಗೆ ಸರ್ವೆ ಅಕ್ಕ ಬಂದಳು. ಮೊದಲ ದಿನ ನಾವು ಬಾಯಿಗೆ ಬೀಗ ಹಾಕಿಕೊಂಡೆವು. ಮೇಲಿನವರು ಕಳಿಸಿದ ಗೂಢಚಾರಿಣಿ ಎಂದು ರೋಲರಿನವನು ಎಲ್ಲರಿಗೂ ಎಚ್ಚರಿಕೆ ಕೊಟ್ಟ. ಅವಳು ಏನೂ ಕೇಳಲಿಲ್ಲ. ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡು ಕುಳಿತಳು. ನಾಲ್ಕನೆಯ ದಿನವೋ ಐದನೆಯ ದಿನವೋ ವಿಂಗಡಿಸುವ ಮೇಜಿನಲ್ಲಿ ಒಬ್ಬಳು ರಜೆ, ಇವಳು ಗ್ಲೌಸ್ ಹಾಕಿಕೊಂಡು ನಿಂತೇಬಿಟ್ಟಳು. ವಾಂತಿ ಬಂತು, ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ನಿಂತಳು. ಅಲ್ಲಿಗೆ ಅವಳು ನಮ್ಮವಳಾದಳು. ನಮ್ಮ ಜೊತೆ ಊಟ, ನಮ್ಮ ಜೊತೆ ಟೀ. "ಅಣ್ಣ, ಭುಜಕ್ಕೆ ಏನಾಗಿದೆ" ಎಂದು ನನ್ನನ್ನು ಕೇಳಿದ ಮೊದಲನೆಯವಳು ಅವಳೇ. ನನ್ನ ಹೆಂಡತಿಯೂ ಕೇಳಿರಲಿಲ್ಲ. ಇದನ್ನು ಬರೆಯುತ್ತಿದ್ದೇನೆ ಅಂತ ಗೊತ್ತಾದರೆ ಬಾಗಿಲಲ್ಲಿ ಕುಳಿತವಳು ಸುಮ್ಮನಿರುವುದಿಲ್ಲ.

ಕೊನೆಯ ವಾರ ಅವಳು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸಿದಳು. ನಾವೆಲ್ಲ ಸೆಕೆ, ವಾಸನೆ, ಸಂಬಳ, ಬೆನ್ನುನೋವು ಎಂದೆವು. ರೇಡಿಯೋ ಹೋಗಿ ಕುಳಿತ. ಕೋಣೆಯ ಗಾಜಿನ ಆ ಕಡೆ ಅವನು ಕೈಯಾಡಿಸಿಕೊಂಡು ಮಾತಾಡುವುದು ಕಾಣುತ್ತಿತ್ತು, ಅವಳು ನಗುತ್ತಿದ್ದಳು, ಆಮೇಲೆ ಕಣ್ಣೊರೆಸಿಕೊಂಡಳು. ಹೊರಗೆ ಬಂದವನು ನನ್ನ ಬೆನ್ನು ತಟ್ಟಿ, "ಎಲ್ಲ ಹೇಳಿಬಿಟ್ಟೆ ಕಣೋ. ಎಂಥ ಜನ ಇದ್ದಾರೆ ಇಲ್ಲಿ ಅಂತ ಅವರಿಗೂ ಗೊತ್ತಾಗ್ಲಿ. ನನ್ನ ಕೈ ಬಿದ್ದುಹೋಗಿ ಎರಡು ವರ್ಷ, ಒಂದು ಕಟ್ಟು ಕಮ್ಮಿ ಆಗೋಕೆ ಬಿಟ್ಟಿಲ್ಲ ನನ್ನ ಜನ ಅಂತ ಹೇಳಿದೆ. ಬರ್ಕೊಳಮ್ಮ, ಚೆನ್ನಾಗಿ ಬರ್ಕೋ ಅಂದೆ" ಎಂದ. ನಮ್ಮನ್ನು ಹೊಗಳಿ ಬಂದಿದ್ದ ಪುಣ್ಯಾತ್ಮ. ಅವನ ಮುಖ ಅವತ್ತು ಹೊಳೆಯುತ್ತಿತ್ತು. ನನಗೂ ಒಳಗೊಳಗೇ ಹಿತವಾಯಿತು. ಅದರಲ್ಲಿ ಕೆಡುಕು ಇದೆ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅವಳು ಚೆನ್ನಾಗಿಯೇ ಬರೆದಳು. ಕಿಟಕಿಯಲ್ಲಿ ಕೊಟ್ಟ ಕಟ್ಟುಗಳ ಎರಡು ವರ್ಷದ ಲೆಕ್ಕ ತೆಗೆದುಕೊಂಡು, ರೇಡಿಯೋ ಹೇಳಿದ್ದು ನಿಜವೇ ಅಂತ ಜೋಡಿ ಜೋಡಿಯಾಗಿ ತಾಳೆ ನೋಡಿದಳು. ನಿಜವಾಗಿತ್ತು. ಹೆಸರು ಹಾಕಲಿಲ್ಲ, ಒಬ್ಬ ಕೆಲಸಗಾರ ಎಂದಷ್ಟೇ ಬರೆದಳು. ಈ ಜನ ಪರಸ್ಪರ ಹೆಗಲು ಕೊಡುವುದರಿಂದ ಒಬ್ಬರ ಕೈ ಸೋತರೂ ವಿಭಾಗದ ಕೆಲಸಕ್ಕೆ ಎಳ್ಳಷ್ಟೂ ಕುಂದಾಗಿಲ್ಲ, ಇಂಥ ಒಗ್ಗಟ್ಟನ್ನು ಕಾಪಾಡಿಕೊಳ್ಳಬೇಕು ಎಂದು ಬರೆದಳು. ಒಳಗೆ ಬಿಟ್ಟುಕೊಂಡಿದ್ದಕ್ಕೆ ಆ ವರದಿಯ ಒಂದು ಪ್ರತಿ ಆಸ್ಪತ್ರೆಗೂ ಬಂತು, ಮೇಲಿನ ಮಹಡಿಯ ಆಡಳಿತದವರು ಆ ಪುಟವನ್ನು ಓದಿದರು. ಅವರಿಗೆ ಒಗ್ಗಟ್ಟು ಕಾಣಲಿಲ್ಲ. ಹನ್ನೆರಡು ಜನರ ಕೆಲಸ ಹನ್ನೊಂದು ಜನ ಎರಡು ವರ್ಷದಿಂದ ಮಾಡುತ್ತಿದ್ದಾರೆ ಅನ್ನುವುದು ಕಂಡಿತು. ಹೆಸರಿಲ್ಲದಿದ್ದರೇನು, ನಡುಗುವ ಕೈ ಹುಡುಕಲು ಎಷ್ಟು ಹೊತ್ತು ಬೇಕು.

ರೇಡಿಯೋನನ್ನು ತೆಗೆದರು. ಮೇಲೆ ಕರೆಸಿಕೊಂಡು ಕುರ್ಚಿ ಕೊಟ್ಟು ಕೂರಿಸಿ, ಮರ್ಯಾದೆಯಾಗಿಯೇ ಹೇಳಿದರಂತೆ. ಅವನ ಜಾಗಕ್ಕೆ ಯಾರೂ ಬರಲಿಲ್ಲ. ನನ್ನ ಎದುರಿನ ಗೋಡೆಗೆ ಎರಡು ದೊಡ್ಡ ಕ್ಲಿಪ್ ಹೊಡೆದು, ಮೂಲೆಗಳನ್ನು ಇದಕ್ಕೆ ಸಿಕ್ಕಿಸಿಕೊಂಡು ಒಬ್ಬನೇ ಮಡಿಸು ಎಂದರು. ಚೀಟಿಯಲ್ಲಿ ಆಗಲೂ ಆರನೇ ಜೋಡಿ ಅಂತಲೇ ಇತ್ತು. ನಾನು ಗೋಡೆಯ ಜೊತೆ ಜೋಡಿಯಾಗಿ ಕೆಲಸ ಮಾಡಿದೆ ಮಗಳೇ. ಕ್ಲಿಪ್ಪು ಮುಂದಕ್ಕೆ ನಡೆದು ಬರುವುದಿಲ್ಲ, ಎಲ್ಲ ಸಲವೂ ನಾನೇ ಹೋಗಬೇಕು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ನನ್ನ ಸಹಾಯಕ್ಕೆ ಯಾರೂ ಬರಲಿಲ್ಲ. ನಾನು ಯಾರನ್ನೂ ದೂರುವುದಿಲ್ಲ, ನಾನೂ ಯಾರ ಸಹಾಯಕ್ಕೂ ಹೋಗಲಿಲ್ಲ. ಕೈ ಖಾಲಿ ಇದ್ದವನು ಬೇಡದವನು ಎಂದು ಲೆಕ್ಕವಾಗುತ್ತದೆ ಅಂತ ಎಲ್ಲರಿಗೂ ತಿಳಿದುಹೋಗಿತ್ತು. ಮೊದಲು ಮುಗಿಸಿದವರು ಮುಗಿಸಿದ್ದು ಕಾಣದಂತೆ ಮಡಿಸಿದ್ದನ್ನೇ ಬಿಚ್ಚಿ ಮಡಿಸುತ್ತಿದ್ದರು. ಕನ್ನಡಕದ ಅಕ್ಕ ನನ್ನ ಕಡೆ ನೋಡುವುದನ್ನೇ ಬಿಟ್ಟಳು. ಒಬ್ಬರಿಗೆ ಜ್ವರ ಬಂದರೆ ಆ ದಿನದ ಕಟ್ಟು ಹಾಗೇ ಉಳಿಯುತ್ತಿತ್ತು. ವಾರ್ಡಿನಲ್ಲಿ ಬೆಡ್‌ಶೀಟ್ ಸಾಲದಾಯಿತು, ನರ್ಸುಗಳು ಕೂಗಾಡಿದರು. ಆರು ತಿಂಗಳು ಕಳೆಯುವುದರೊಳಗೆ ಲಾಂಡ್ರಿ ಸರಿಯಾಗಿ ನಡೆಯುತ್ತಿಲ್ಲ ಎಂದು ಇಡೀ ಕೆಲಸವನ್ನು ಹೊರಗಿನ ಕಂಟ್ರಾಕ್ಟರಿಗೆ ಕೊಟ್ಟರು. ನಮ್ಮನ್ನೆಲ್ಲ ಮನೆಗೆ ಕಳಿಸಿದರು. ನೀನು ಆಗ ಕೇಳಿದ್ದೆ, ಅಪ್ಪ ಯಾಕೆ ಬೆಳಿಗ್ಗೆ ಮನೇಲಿರ್ತಾನೆ ಅಂತ. ಭುಜಕ್ಕೆ ವಿಶ್ರಾಂತಿ ಎಂದಿದ್ದೆ.

ಲಾಂಡ್ರಿ ಮುಚ್ಚಿದ ಸುದ್ದಿ ಕೇಳಿ ರೇಡಿಯೋ ನಮ್ಮ ಮನೆಗೆ ಬಂದ. ನೀನು ಸ್ಕೂಲಿಗೆ ಹೋಗಿದ್ದೆ. ಚಪ್ಪಲಿ ಬಿಟ್ಟ, ಬಂದು ಕುಳಿತ, ಒಂದು ಮಾತಿಲ್ಲ. ಅಮ್ಮ ಟೀ ಕೊಟ್ಟರೆ ಲೋಟ ಮುಟ್ಟಲಿಲ್ಲ. ಬಹಳ ಹೊತ್ತಾದ ಮೇಲೆ, "ನನ್ನ ಬಾಯಿ ಕಣೋ. ಹನ್ನೊಂದು ಮನೆ ಒಲೆ ಆರಿಸಿಬಿಟ್ಟೆ" ಎಂದ. ಹುಚ್ಚಾ, ನೀನೇನು ಕೆಟ್ಟದ್ದು ಹೇಳಿದೆಯಾ ಎಂದು ನಾನು ಬೈದೆ. "ಒಳ್ಳೇದೇ ಹೇಳಿದ್ದು. ಅದೇ ತಾನೇ" ಎಂದ. ಅವನು ಎಲ್ಲರ ಮನೆಗೂ ಹೀಗೆಯೇ ಹೋಗಿ ಕುಳಿತು ಬಂದನಂತೆ. ಯಾರೂ ಅವನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತೋ ಏನೋ.

ರೇಡಿಯೋ ಮಾಮ ಕಾಯಿಲೆಯಿಂದ ಹೋದ ಅಂತ ನಿನಗೆ ಹೇಳಿದ್ದೆವು. ಅದು ಪೂರ್ತಿ ನಿಜವಲ್ಲ. ನಾವು ಒಂದಿಷ್ಟು ಜನ ಸೇರಿ ಅವನ ಮಾತ್ರೆ ತಂದುಕೊಡುತ್ತಿದ್ದೆವು. ಅವನು ತೆಗೆದುಕೊಳ್ಳುತ್ತಿದ್ದ, ನುಂಗುತ್ತಿರಲಿಲ್ಲ. ಹೆಂಡತಿ ಅತ್ತಳು, ಜಗಳವಾಡಿದಳು, ಬಾಯಿಗೆ ತುರುಕಲು ನೋಡಿದಳು. "ಇನ್ನೂ ನಿಮ್ಮೆಲ್ಲರ ದುಡಿಮೆ ತಿನ್ನಬೇಕಾ ನಾನು" ಎಂದನಂತೆ. ಮೈ ಮರದ ಹಾಗೆ ಬಿಗಿದುಕೊಂಡಿತು. ಕೊನೆಗೆ ನೀರು ಇಳಿಯುತ್ತಿರಲಿಲ್ಲ, ಮಾತಂತೂ ಮೊದಲೇ ನಿಂತಿತ್ತು. ನಾನು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಅವನು ನನ್ನ ಭುಜವನ್ನೇ ನೋಡುತ್ತಿದ್ದ. ಅವನ ಕಣ್ಣು ತಪ್ಪಿಸಲು ನಾನು ಆ ಭುಜಕ್ಕೆ ಟವಲ್ ಹೊದ್ದುಕೊಂಡು ಹೋಗತೊಡಗಿದೆ. ನನ್ನ ಜೀವಮಾನದ ಗೆಳೆಯ ಚೂಟಿ ಅವನು. ಅಷ್ಟು ಮಾತಿನ ಮನುಷ್ಯ ಒಂದು ಮಾತಿಲ್ಲದೆ ಹೋದ.

ಅವನು ಹೋದ ಮೇಲೆ ಸರ್ವೆ ಅಕ್ಕ ಬಂದಿದ್ದಳು. ಅವಳಿಗೆ ಯಾರೋ ಹೇಳಿದ್ದರು. ತಲೆ ಬಾಚಿರಲಿಲ್ಲ, ಮುಖ ಊದಿತ್ತು. ಗೋಡೆಗೆ ಒರಗಿ, "ಅಣ್ಣ, ನಾನು ಸುಳ್ಳೇನಾದ್ರೂ ಬರೆದಿದ್ದೀನಾ? ಒಂದೇ ಒಂದು ತಪ್ಪು ಲೆಕ್ಕ ಇದ್ರೆ ತೋರಿಸಿ" ಎಂದು ಕೇಳಿದಳು. ಬೈಯಬೇಕು ಎಂದು ಬಾಯಿ ತೆರೆದೆ. ಬೈಯಲು ಏನೂ ಸಿಗಲಿಲ್ಲ. ಸುಳ್ಳು ಬರೆದಿದ್ದರೆ ಕೂಗಾಡಿ ಹಗುರಾಗಬಹುದಿತ್ತು. ಎಲ್ಲವೂ ನಿಜವಾಗಿತ್ತು, ಒಳ್ಳೆಯ ಮನಸ್ಸಿನಿಂದ ಬರೆದದ್ದಾಗಿತ್ತು. ಇಲ್ಲಮ್ಮ, ಎಲ್ಲ ಸರಿಯಾಗೇ ಬರೆದಿದ್ದೀಯ ಎಂದೆ. ನಾನು ಹಾಗೆ ಹೇಳಿದ್ದಕ್ಕೇ ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಿನ್ನನ್ನು ನೋಡಬೇಕು ಎಂದಳು, ನೀನು ಸ್ಕೂಲಿನಲ್ಲಿದ್ದೆ. ಆಮೇಲೆ ಅವಳು ಆ ಕೆಲಸವನ್ನೇ ಬಿಟ್ಟಳಂತೆ, ಯಾವುದೋ ಅಂಗಡಿಯಲ್ಲಿ ಇದ್ದಾಳಂತೆ. ನಿನಗೆ ಇದು ಗೊತ್ತಿಲ್ಲ. ದೊಡ್ಡ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಳೆ ಅಂತ ನೀನು ಅಂದುಕೊಂಡಿದ್ದೀಯ, ನಾವೂ ಸುಮ್ಮನಿದ್ದೆವು.

ಇದು ಕಾರಣ. ಓದಿ ಮುಗಿಸಿದ ಮೇಲೆ ನೀನು ಕೇಳುತ್ತೀಯ, ನನಗೆ ಗೊತ್ತು: ಹಾಗಾದರೆ ಅವಳು ಏನು ಬರೆಯಬೇಕಿತ್ತು ಅಪ್ಪ? ಎಷ್ಟೋ ಸಲ ನಾನೇ ನನ್ನನ್ನು ಕೇಳಿಕೊಂಡಿದ್ದೇನೆ. ರೇಡಿಯೋ ಹೇಳಿದ್ದನ್ನು ಬಿಟ್ಟು ಬರೆದಿದ್ದರೆ ಅವಳ ಕೆಲಸಕ್ಕೆ ಅವಳೇ ಮೋಸ ಮಾಡಿದ ಹಾಗೆ. ನಮ್ಮ ಭುಜ, ಸೊಂಟ ಹೋದದ್ದನ್ನೂ ಸೇರಿಸಿ ಬರೆದಿದ್ದರೆ ಉಳಿಯುತ್ತಿದ್ದೆವೇನೋ ಎಂದು ಒಂದೊಂದು ದಿನ ಅನ್ನಿಸುತ್ತದೆ. ಆದರೆ ಸೇರಿಸಿಯೇ ಬರೆದಿದ್ದಳಂತೆ, ಇನ್ನೊಂದು ಪುಟದಲ್ಲಿ. ಮೇಲಿನವರು ಆ ಪುಟ ಓದಲಿಲ್ಲ, ಅಥವಾ ಓದಿಯೂ ಓದಲಿಲ್ಲ. ಉತ್ತರ ಇದ್ದಿದ್ದರೆ ಊಟ ಬಿಟ್ಟು ಏಳುತ್ತಿರಲಿಲ್ಲ, ಅಲ್ಲೇ ಕುಳಿತು ಹೇಳುತ್ತಿದ್ದೆ.

ಕಾರಣ ಹೇಳಿದರೆ ಬಿಟ್ಟುಬಿಡುತ್ತೀನಿ ಅಂದಿದ್ದೀಯ. ಎರಡು ದಿನದ ಹಿಂದಿನವರೆಗೆ ನನಗೆ ಬೇಕಾಗಿದ್ದೂ ಅದೇ. ಅಕೌಂಟ್ಸ್ ಓದು, ಯಾವುದೋ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂರು, ಯಾರ ಮನೆಯ ಕಷ್ಟವನ್ನೂ ಕೇಳಲು ಹೋಗಬೇಡ. ಆದರೆ ಮೊನ್ನೆ ನನ್ನ ಈಗಿನ ಕೆಲಸದಲ್ಲಿ ಒಂದು ಸಂಗತಿ ನಡೆಯಿತು.

ಪಾರ್ಸೆಲ್ ಗೋದಾಮಿನ ಕೆಲಸ ನಿನಗೆ ಗೊತ್ತೇ ಇದೆ. ಬೆಲ್ಟಿನ ಮೇಲೆ ಬರುವ ಡಬ್ಬಗಳನ್ನು ಸ್ಕ್ಯಾನರಿನಿಂದ ಓದಿಸಿ, ಎತ್ತಿ, ಊರಿನ ಪ್ರಕಾರ ಪಂಜರದಂಥ ಬೇರೆ ಬೇರೆ ಕಂಬಿ ಗಾಡಿಗಳಿಗೆ ಹಾಕುವುದು. ಯಾರು ಎಷ್ಟು ಎತ್ತಿದರು ಅಂತ ಸ್ಕ್ಯಾನರೇ ಲೆಕ್ಕ ಇಡುತ್ತದೆ, ಒಬ್ಬೊಬ್ಬರಿಗೆ ಒಂದೊಂದು. ಕಟ್ಟಿನ ಚೀಟಿ ಹೋಯಿತು, ಇದು ಬಂತು. ನನ್ನ ಪಕ್ಕದಲ್ಲಿ ಒಬ್ಬಳು ಹೆಂಗಸಿದ್ದಾಳೆ. ಟೇಪಕ್ಕ ಅನ್ನುತ್ತೇವೆ, ಒಡೆದ ಡಬ್ಬಕ್ಕೆ ಟೇಪ್ ಸುತ್ತುವುದರಲ್ಲಿ ಅವಳ ಕೈ ಬಲು ಚುರುಕು. ಈ ವರ್ಷ ಅವಳ ಎದೆ ಕೈಕೊಟ್ಟಿದೆ. ಮಧ್ಯಾಹ್ನ ಕಳೆದ ಮೇಲೆ ನಾಲ್ಕು ಡಬ್ಬ ಎತ್ತಿದರೆ ಏದುಸಿರು, ತುಟಿ ನೀಲಿ. ಮನೆಯಲ್ಲಿ ಅವಳ ದುಡಿಮೆ ಒಂದೇ. ಮುಂದೇನಾಗುತ್ತಿದೆ ಅಂತ ನಾನು ಬಾಯಿಬಿಟ್ಟು ಹೇಳಬೇಕಾ? ಅವಳ ಸ್ಕ್ಯಾನರ್ ಮಧ್ಯಾಹ್ನದ ಮೇಲೆ ನಮ್ಮ ಕೈಯಿಂದ ಕೈಗೆ ಓಡಾಡುತ್ತದೆ. ಮೊದಲು ಅದನ್ನು ಎತ್ತಿಕೊಂಡವನು ನಾನೇ. ಅಷ್ಟೆಲ್ಲ ಆದ ಮೇಲೂ ಕೈ ತಾನಾಗಿ ಹೋಯಿತು.

ಮೊನ್ನೆ ಮ್ಯಾನೇಜರ್ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ, ಮುಂದಿನ ವರ್ಷದಿಂದ ಕಾಲೇಜಿನ ವಿದ್ಯಾರ್ಥಿಗಳು ಬಂದು ಕೆಲಸಗಾರರ ಬಗ್ಗೆ ಅಧ್ಯಯನ ಮಾಡುತ್ತಾರೆ, ಎಲ್ಲರೂ ಸಹಕರಿಸಬೇಕು. ಕಾಲೇಜಿನ ಹೆಸರನ್ನೂ ಅವರು ಓದುವ ವಿಷಯವನ್ನೂ ಹೇಳಿದ. ನಿನ್ನ ಕಾಲೇಜು. ನೀನು ಆರಿಸಿಕೊಳ್ಳಬೇಕು ಎಂದಿರುವ ವಿಷಯ. ನಾನು ಆ ದಿನ ಬಸ್ಸು ಹತ್ತದೆ ನಡೆದೇ ಮನೆಗೆ ಬಂದೆ. ದಾರಿಯಲ್ಲಿ ಗೊತ್ತಾಯಿತು, ನಾನು ನಿನ್ನನ್ನು ತಡೆದರೂ ಅವರು ಬರುವುದನ್ನು ತಡೆದ ಹಾಗಾಗುವುದಿಲ್ಲ. ನೀನು ಅಕೌಂಟ್ಸ್ ತೆಗೆದುಕೊಂಡರೂ ಇನ್ಯಾರದೋ ಮನೆಯ ಒಳ್ಳೆಯ ಮನಸ್ಸಿನ ಹುಡುಗಿ ಬಂದು ನಮ್ಮ ಪಕ್ಕ ಕೂರುತ್ತಾಳೆ. ಟೇಪಕ್ಕನೂ ಬಾಯಿ ತೆರೆದು ನಮ್ಮನ್ನೆಲ್ಲ ಹೊಗಳಬಹುದು. ಆ ಹುಡುಗಿಗೆ ರೇಡಿಯೋ ಯಾರು ಅಂತ ಗೊತ್ತಿರುವುದಿಲ್ಲ. ನಿನಗೆ ಇವತ್ತಿನಿಂದ ಗೊತ್ತು.

ಆದ್ದರಿಂದ ಸೋಮವಾರ ನಿನಗೆ ಬೇಕಾದ ವಿಷಯವನ್ನೇ ತೆಗೆದುಕೋ. ಸಿಟ್ಟಿನಲ್ಲಿ ಬರೆಯುತ್ತಿಲ್ಲ, ನಿನ್ನ ಹಟಕ್ಕೆ ಸೋತು ಬರೆಯುತ್ತಿಲ್ಲ. ಲೆಕ್ಕವನ್ನು ಯಾರೂ ಮೋಸ ಮಾಡದಷ್ಟು ಚೆನ್ನಾಗಿ ಕಲಿ. ನಿನಗೆ ಅದು ಬರುತ್ತದೆ ಎಂಬ ನಂಬಿಕೆ ನನಗಿದೆ, ಹೆದರಿಕೆಯೂ ಅದೇ. ಸಂಜೆಯ ಹೊತ್ತಿಗೆ ಎಲ್ಲರ ಕೈಯೂ ನಿಧಾನವಾಗುವಾಗ ಟೇಪಕ್ಕ ಒಬ್ಬಳ ಕೈ ಮಾತ್ರ ಯಾಕೆ ಚುರುಕಾಗುತ್ತದೆ ಎಂದು ಕಂಪ್ಯೂಟರ್ ನೋಡಿದ ಮೊದಲ ದಿನವೇ ನಿನಗೆ ಕಂಡುಬಿಡುತ್ತದೆ.

ಒಂದು ಮಾತು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಒಂದು ದಿನ ನಿನ್ನನ್ನೇ ನಮ್ಮ ಗೋದಾಮಿಗೆ ಕಳಿಸಬಹುದು. ಬೆಲ್ಟಿನ ಪಕ್ಕ ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತು, ಇಲ್ಲಿ ಯಾರಾದರೂ ಇನ್ನೊಬ್ಬರ ಕೆಲಸ ಮಾಡಿಕೊಡುತ್ತೀರಾ ಎಂದು ನೀನು ಕೇಳಬಹುದು. ನಾನು ನಿನ್ನ ಕಣ್ಣಲ್ಲಿ ಕಣ್ಣಿಟ್ಟು, ಇಲ್ಲಮ್ಮ, ಇಲ್ಲಿ ಅವರವರ ಕೆಲಸ ಅವರವರದು ಎನ್ನುತ್ತೇನೆ. ಅದು ಸುಳ್ಳು ಅಂತ ನಿನಗೆ ಗೊತ್ತಿರುತ್ತದೆ. ನಿನಗೆ ಗೊತ್ತಿದೆ ಅಂತ ನನಗೂ ಗೊತ್ತಿರುತ್ತದೆ. ಆಗ ನೀನು ಏನು ಬರೆದುಕೊಳ್ಳಬೇಕು ಅಂತ ನಾನು ಹೇಳಲಾರೆ, ನನಗೇ ಗೊತ್ತಿಲ್ಲ. ಏನು ಬರೆದೆ ಅಂತ ಮನೆಗೆ ಬಂದ ಮೇಲೆ ಕೇಳುವುದೂ ಇಲ್ಲ. ನೀನು ಬಂದ ದಿನ ಒಟ್ಟಿಗೆ ಕೂತು ಊಟ ಮಾಡೋಣ.

ಹೊತ್ತು ಹೊತ್ತಿಗೆ ತಿನ್ನು, ಬರೀ ಓದು ಓದು ಎಂದು ಕಣ್ಣು ಕೆಡಿಸಿಕೊಳ್ಳಬೇಡ. ನಿನ್ನ ಮುಂದೆ ಕೂತು ಮನಸ್ಸು ಬಿಚ್ಚುವ ಯಾರಿಗೂ ನಿನ್ನಿಂದ ಕೇಡಾಗದಿರಲಿ. ಚೆನ್ನಾಗಿ ಬಾಳು ತಾಯಿ.

ಇನ್ನು ಮುಂದೆ ನಿನಗೆ ಒಂದೇ ಒಂದು ಸುಳ್ಳು ಹೇಳಲಿರುವ,
ನಿನ್ನ ಅಪ್ಪ